ಎಂಟು ತಲೆಯ ಮನುಷ್ಯ, ಒಂದು ತಲೆಯ ರಾವಣ

ಬೆಂಗಳೂರಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಳೆದ ತಿಂಗಳು ಒಂದು ಪ್ರಶ್ನೆ ಕಳುಹಿಸಿದ್ದಳು. ಆಕೆಯ ಮಗಳು ಅನಿಮೇಷನ್ ಕಲಿಯುತ್ತಿದ್ದಾಳಂತೆ. ಮನುಷ್ಯನ ಎತ್ತರ ಅವನ ತಲೆಯ ಅಳತೆಯ ಎಂಟರಷ್ಟು ಎಂದು ಮೊದಲ ಪಾಠದಲ್ಲಿಯೇ ಹೇಳಿಕೊಟ್ಟರಂತೆ. ಹುಡುಗಿ ಮನೆಗೆ ಬಂದು ಅಜ್ಜಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಅಳೆದು ನೋಡಿದರೆ ಏಳೂ ತುಂಬಲಿಲ್ಲ. "ಸಾರ್, ಈ ಎಂಟು ಎಲ್ಲಿಂದ ಬಂತು? ನಮ್ಮಮ್ಮನಿಗೆ ಒಂದು ತಲೆ ಕಡಿಮೆಯಾದದ್ದು ಹೇಗೆ?" ಎಂಬುದು ಪ್ರಶ್ನೆ. ನಾನು ಚಿತ್ರಕಲೆಯ ಮೇಷ್ಟರಲ್ಲ, ಸಮಾಜ ವಿಜ್ಞಾನದವನು ಎಂಬುದು ಅವಳಿಗೆ ಗೊತ್ತು. ಆದರೆ ಈ ಪ್ರಶ್ನೆಯಲ್ಲಿ ಚಿತ್ರಕಲೆಗಿಂತ ಇತಿಹಾಸವೇ ಹೆಚ್ಚು ಇರುವುದರಿಂದ ಉತ್ತರವನ್ನು ಎಲ್ಲರೂ ಓದಲೆಂದು ಇಲ್ಲಿಯೇ ಬರೆಯುತ್ತಿದ್ದೇನೆ.

ಚಿಕ್ಕದಾಗಿ ಹೇಳುವುದಾದರೆ, ಆ ಎಂಟು ಗ್ರೀಸಿನಲ್ಲಿ ಹುಟ್ಟಿ, ಲಂಡನ್ನಿನಲ್ಲಿ ನಿಯಮವಾಗಿ, ಹಡಗು ಹತ್ತಿ ಮದರಾಸು ಮುಂಬಯಿಗಳಲ್ಲಿ ಇಳಿದು ಮೈಸೂರಿಗೆ ಬಂತು. ಮೈಸೂರಿನಿಂದ ಡ್ರಾಯಿಂಗ್ ಮೇಷ್ಟರುಗಳ ಸೈಕಲ್ಲಿನ ಮೇಲೆ ಕುಳಿತು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಶಾಲೆಗಳಿಗೂ ಬಂತು.

ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಪಾಲಿಕ್ಲೀಟಸ್ ಎಂಬ ಗ್ರೀಕ್ ಶಿಲ್ಪಿಯಿದ್ದ. ದೇಹದ ಪ್ರತಿಯೊಂದು ಅಂಗಕ್ಕೂ ಮತ್ತೊಂದು ಅಂಗದೊಡನೆ ನಿಶ್ಚಿತವಾದ ಸಂಬಂಧವಿರಬೇಕು, ಸೌಂದರ್ಯ ಎನ್ನುವುದು ಆ ಸಂಖ್ಯೆಗಳಲ್ಲಿದೆ ಎಂದು ಆತ ನಂಬಿದ್ದ. 'ಕ್ಯಾನನ್' ಎಂಬ ಗ್ರಂಥವನ್ನೂ ಬರೆದ. ಅದು ಉಳಿದು ಬಂದಿಲ್ಲ. ಅದಕ್ಕೆ ಉದಾಹರಣೆಯೆಂಬಂತೆ ಎರಕ ಹೊಯ್ದ ಈಟಿ ಹಿಡಿದ ಯುವಕನ ಕಂಚಿನ ಪ್ರತಿಮೆಯೂ ಉಳಿದಿಲ್ಲ. ರೋಮನರು ಮಾಡಿಕೊಂಡ ಅಮೃತಶಿಲೆಯ ಪ್ರತಿಗಳು ಉಳಿದಿವೆ. ಅನಂತರದ ಶತಮಾನದಲ್ಲಿ ಲೈಸಿಪ್ಪಸ್ ಎಂಬ ಇನ್ನೊಬ್ಬ ಶಿಲ್ಪಿ ತಲೆಯನ್ನು ಚಿಕ್ಕದು ಮಾಡಿ ಮೈಯನ್ನು ನೀಳವಾಗಿಸಿದ ಎಂದು ಪ್ಲಿನಿ ಬರೆದಿದ್ದಾನೆ. ಕ್ರಿಸ್ತಪೂರ್ವ ಒಂದನೆಯ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಇದನ್ನೆಲ್ಲ ಲೆಕ್ಕಕ್ಕೆ ಇಳಿಸಿದ: ತಲೆ ಎತ್ತರದ ಎಂಟನೆಯ ಒಂದು ಭಾಗ, ಗದ್ದದಿಂದ ಹಣೆಯ ಮೇಲಿನ ಕೂದಲಂಚಿನವರೆಗಿನ ಮುಖ ಹತ್ತನೆಯ ಒಂದು ಭಾಗ, ಮಣಿಕಟ್ಟಿನಿಂದ ನಡುಬೆರಳ ತುದಿಯವರೆಗಿನ ಕೈ ಸಹ ಹತ್ತನೆಯ ಒಂದು ಭಾಗ, ಪಾದ ಆರನೆಯ ಒಂದು ಭಾಗ. ಈ ಹತ್ತನೆಯ ಭಾಗದ ಮಾತನ್ನು ನೆನಪಿನಲ್ಲಿಡಿ; ಮುಂದೆ ಬೇಕಾಗುತ್ತದೆ.

ಇಟಲಿಯ ಪುನರುಜ್ಜೀವನದ ಕಥೆ ನಿಮಗೆಲ್ಲ ಪಾಠವಾಗಿಯೇ ಇದೆ, ಅದನ್ನು ದಾಟಿ ಇಂಗ್ಲೆಂಡಿಗೆ ಬರೋಣ. 1768ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿ ಸ್ಥಾಪಿತವಾಯಿತು. ಅದರ ಮೊದಲ ಅಧ್ಯಕ್ಷ ಸರ್ ಜೋಶುವಾ ರೆನಾಲ್ಡ್ಸ್ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸಗಳಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿದ: ನಿಸರ್ಗದಲ್ಲಿ ಸಿಗುವ ಒಂದೊಂದು ದೇಹಕ್ಕೂ ಒಂದೊಂದು ಕೊರತೆಯಿರುತ್ತದೆ, ಕಲಾವಿದನು ಆ ಕೊರತೆಗಳನ್ನು ತಿದ್ದಿ ಎಲ್ಲಕ್ಕೂ ಸಾಮಾನ್ಯವಾದ ಆದರ್ಶರೂಪವನ್ನು ಕಾಣಬೇಕು, ಪ್ರಾಚೀನ ಗ್ರೀಕರು ಅದನ್ನು ಕಂಡಿದ್ದರು. ಎಂದರೆ ರೆನಾಲ್ಡ್ಸನಿಗೆ ಇದು ಆದರ್ಶ ಎಂಬ ಅರಿವು ಸ್ಪಷ್ಟವಾಗಿತ್ತು. ಆಮೇಲೆ 1816ರಲ್ಲಿ ಅಥೆನ್ಸಿನ ಪಾರ್ಥೆನಾನ್ ದೇವಾಲಯದ ಶಿಲ್ಪಗಳನ್ನು ಬ್ರಿಟಿಷ್ ಸರ್ಕಾರವು ಎಲ್ಗಿನ್ ಎಂಬ ಶ್ರೀಮಂತನಿಂದ ಕೊಂಡು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಇರಿಸಿತು. ಗ್ರೀಕ್ ದೇಹ ಲಂಡನ್ನಿನ ಮನೆಮಾತಾಯಿತು.

ವಿಕ್ಟೋರಿಯಾ ರಾಣಿಯ ಕಾಲದ (1837ರಿಂದ 1901) ಕಲಾಶಾಲೆಯಲ್ಲಿ ಹುಡುಗನೊಬ್ಬ ಮನುಷ್ಯಾಕೃತಿ ಬರೆಯುವುದನ್ನು ಹೇಗೆ ಕಲಿಯುತ್ತಿದ್ದ ಎಂಬುದು ಕುತೂಹಲದ ಸಂಗತಿ. ಮೊದಲು ಅಚ್ಚಾದ ರೇಖಾಚಿತ್ರಗಳನ್ನು ನೋಡಿ ನಕಲು. ಅನಂತರ ಗ್ರೀಕ್ ಪ್ರತಿಮೆಗಳ ಪ್ಲಾಸ್ಟರ್ ಅಚ್ಚುಗಳ ಮುಂದೆ ಕುಳಿತು ಒಂದು ಪಾದ, ಒಂದು ಕೈ, ಒಂದು ಮೂಗು. ಅನಂತರ ಇಡೀ ಪ್ರತಿಮೆ. ಕಪ್ಪು ಸೀಮೆಸುಣ್ಣದಿಂದ ನೆರಳು ತುಂಬಿ, ಸುರುಳಿ ಸುತ್ತಿದ ತೊಗಲಿನ ಅಥವಾ ಕಾಗದದ ಕಡ್ಡಿಯಿಂದ ಉಜ್ಜಿ, ಬ್ರೆಡ್ಡಿನ ತಿರುಳಿನಿಂದ ಅಳಿಸಿ ಬೆಳಕು ತೆಗೆದು, ಕಾಗದವೇ ಅಮೃತಶಿಲೆಯೆನಿಸುವವರೆಗೆ ಬಿಡುವಂತಿಲ್ಲ. ಒಂದೇ ಚಿತ್ರಕ್ಕೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ. ಅದರಲ್ಲಿ ತೇರ್ಗಡೆಯಾದವನಿಗೆ ಮಾತ್ರ ಜೀವಂತ ಮನುಷ್ಯನನ್ನು ನೋಡಿ ಬರೆಯುವ ತರಗತಿಗೆ ಪ್ರವೇಶ. ಹೆಣ್ಣುಮಕ್ಕಳಿಗಂತೂ ರಾಯಲ್ ಅಕಾಡೆಮಿಯ ಶಾಲೆಯಲ್ಲಿ ಅಲ್ಪಸ್ವಲ್ಪ ಬಟ್ಟೆ ತೊಟ್ಟ ಮಾದರಿಯನ್ನು ನೋಡಿ ಬರೆಯುವ ಅವಕಾಶ ಸಿಕ್ಕಿದ್ದು 1893ರಲ್ಲಿ.

ಇದರ ಪರಿಣಾಮವನ್ನು ಊಹಿಸಿ ನೋಡಿ. ವರ್ಷಗಟ್ಟಲೆ ಕಲ್ಲಿನ ದೇವರನ್ನು ಬರೆದ ಕೈ, ಮುಂದೆ ಬಡಕಲು ಕೂಲಿಯವನೊಬ್ಬ ಬಂದು ನಿಂತಾಗ ಏನು ಮಾಡೀತು? ತನಗೆ ತಿಳಿಯದಂತೆಯೇ ಅವನ ಕಾಲನ್ನು ಉದ್ದ ಮಾಡುತ್ತದೆ, ತಲೆಯನ್ನು ಕಿರಿದು ಮಾಡುತ್ತದೆ, ಗೂನುಬೆನ್ನನ್ನು ನೆಟ್ಟಗಾಗಿಸುತ್ತದೆ. 1878ರಿಂದ 1896ರವರೆಗೆ ಅಕಾಡೆಮಿಯ ಅಧ್ಯಕ್ಷನಾಗಿದ್ದ ಫ್ರೆಡರಿಕ್ ಲೇಟನ್ನನ ಚಿತ್ರಗಳಲ್ಲಿ ಮುಪ್ಪು, ಹಸಿವು, ದಣಿವು ಕಾಣುವುದು ಅಪರೂಪ. ಅಮೃತಶಿಲೆಗೆ ಬಣ್ಣ ಬಂದಂತಿರುತ್ತದೆ. ಈ ಕ್ರಮದಲ್ಲಿ ಹುಡುಗರ ಕಾಲ ವ್ಯರ್ಥವಾಗುತ್ತಿದೆ, ಫ್ರೆಂಚರಂತೆ ಬೇಗನೆ ಜೀವಂತ ಮಾದರಿಗೆ ಬರಬೇಕು ಎಂದು 1871ರಲ್ಲಿ ಸ್ಲೇಡ್ ಶಾಲೆಯ ಮೊದಲ ಪ್ರಾಧ್ಯಾಪಕನಾದ ಎಡ್ವರ್ಡ್ ಪಾಯಿಂಟರ್ ವಾದಿಸಿದ. ಆದರೆ ಅವನೂ ಗ್ರೀಕರ ಭಕ್ತನೇ.

ರಾಯಲ್ ಅಕಾಡೆಮಿ ಶ್ರೀಮಂತ ಕಲಾವಿದರದ್ದು. ಸಾಮಾನ್ಯ ಕುಶಲಕರ್ಮಿಗಳಿಗಾಗಿ ಸರ್ಕಾರವೇ ನಡೆಸಿದ ಏರ್ಪಾಡು ಬೇರೆ. ಹೆನ್ರಿ ಕೋಲ್ ಮತ್ತು ರಿಚರ್ಡ್ ರೆಡ್‌ಗ್ರೇವ್ ಎಂಬಿಬ್ಬರು 1853ರ ಸುಮಾರಿಗೆ ರೂಪಿಸಿದ 23 ಹಂತಗಳ ರಾಷ್ಟ್ರೀಯ ಪಠ್ಯಕ್ರಮ ಅದು. ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಅದರ ಕೇಂದ್ರ. ಇಂಥ ಹಂತದಲ್ಲಿ ಇಂಥ ಅಚ್ಚು, ಇಂಥ ಪರೀಕ್ಷೆ, ಇಷ್ಟು ಅಂಕ. ಆದರ್ಶವು ಪಠ್ಯವಾದಾಗ, ಪಠ್ಯವು ಪರೀಕ್ಷೆಯಾದಾಗ, ಅದು ಆದರ್ಶವೆಂಬ ನೆನಪು ಅಳಿದು 'ಸರಿ' ಮತ್ತು 'ತಪ್ಪು' ಮಾತ್ರ ಉಳಿಯುತ್ತವೆ. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ನನಗೆ ಇದು ಚೆನ್ನಾಗಿ ಗೊತ್ತು.

ಈ ಗ್ರೀಕ್ ಅಳತೆಗೋಲು ಕಲಾಶಾಲೆಯಲ್ಲಿಯೇ ಇದ್ದಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಪೀಟ್ರಸ್ ಕ್ಯಾಂಪರ್ ಎಂಬ ಡಚ್ ಅಂಗರಚನಾ ಶಾಸ್ತ್ರಜ್ಞ ಹದಿನೆಂಟನೆಯ ಶತಮಾನದಲ್ಲಿಯೇ ಮುಖದ ಓರೆಯನ್ನು ಕೋನಮಾಪಕದಿಂದ ಅಳೆದಿದ್ದ: ಗ್ರೀಕ್ ಪ್ರತಿಮೆಗೆ 100 ಡಿಗ್ರಿ, ಯುರೋಪಿನವನಿಗೆ 80, ಆಫ್ರಿಕದವನಿಗೆ 70. ಕಲ್ಲಿನ ಗೊಂಬೆ ಮೇಲಿನ ಮೆಟ್ಟಿಲಿನಲ್ಲಿ, ಮನುಷ್ಯರು ಕೆಳಗಿನ ಮೆಟ್ಟಿಲುಗಳಲ್ಲಿ! ಕ್ಯಾಂಪರ್ ಸ್ವತಃ ಎಲ್ಲ ಮನುಷ್ಯರೂ ಒಂದೇ ಮೂಲದವರೆಂದು ನಂಬಿದ್ದವನು. ಆದರೆ ಅವನ ಕೋನ ಅವನ ಮಾತು ಕೇಳಲಿಲ್ಲ. ಮುಂದಿನ ಶತಮಾನದಲ್ಲಿ ಜನಾಂಗಗಳನ್ನು ಮೇಲು ಕೀಳೆಂದು ಜೋಡಿಸುವವರಿಗೆ ಅದು ಆಯುಧವಾಯಿತು. ತಲೆ ಮೂಗು ಅಳೆಯುವ ಈ ಚಾಳಿಯ ಕೊನೆಗೆ ಮದರಾಸು ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ ಇಕ್ಕುಳದಂತಹ ಉಪಕರಣ ಹಿಡಿದು ದಕ್ಷಿಣ ಭಾರತದ ಕಾಡುಮೇಡುಗಳಲ್ಲಿ ಕುರುಂಬರೇ ಮೊದಲಾದವರ ಮೂಗಿನ ಉದ್ದಗಲಗಳನ್ನು ಅಳೆದ; 1909ರಲ್ಲಿ ಏಳು ಸಂಪುಟಗಳನ್ನು ಪ್ರಕಟಿಸಿದ. ಹೆಗ್ಗಡದೇವನಕೋಟೆಯ ಹಾಡಿಗಳಿಂದ ಶಾಲೆಗೆ ಬರುತ್ತಿದ್ದ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದ ಯಾರಿಗೇ ಆಗಲಿ ಆ ಅಂಕಿಗಳನ್ನು ಓದುವಾಗ ಮನಸ್ಸು ಮುದುಡುತ್ತದೆ.

ಭಾರತದಲ್ಲಿ ಬ್ರಿಟಿಷರ ಕಲಾಶಾಲೆಗಳು ಆರಂಭವಾದದ್ದು ಹತ್ತಿರ ಹತ್ತಿರದ ವರ್ಷಗಳಲ್ಲಿ. ಮದರಾಸು 1850, ಕಲ್ಕತ್ತ 1854, ಮುಂಬಯಿಯ ಜೆ.ಜೆ. ಶಾಲೆ 1857. ಭಾರತೀಯ ಕಲೆ ನಿಸರ್ಗದ ಸತ್ಯವನ್ನು ಚಿತ್ರಿಸುವುದೇ ಇಲ್ಲ ಎಂದು ವಿಮರ್ಶಕ ಜಾನ್ ರಸ್ಕಿನ್ ಸೌತ್ ಕೆನ್ಸಿಂಗ್ಟನ್ನಿನಲ್ಲಿ ನಿಂತು ಸಾರಿದ್ದು 1858ರ ಆರಂಭದಲ್ಲಿ. ಸಿಪಾಯಿ ದಂಗೆಯ ಸಿಟ್ಟು ಇನ್ನೂ ಆರಿರಲಿಲ್ಲ. ನಮ್ಮವರಿಗೆ ನಿಸರ್ಗವನ್ನು ಕಲಿಸಬೇಕೆಂದು ಅವರು ಹಡಗಿನಲ್ಲಿ ತಂದದ್ದೇನು? ಗ್ರೀಕ್ ಪ್ರತಿಮೆಗಳ ಪ್ಲಾಸ್ಟರ್ ಅಚ್ಚುಗಳನ್ನು! 'ಇದ್ದದ್ದನ್ನು ಇದ್ದ ಹಾಗೆ' ಬರೆಯುವುದು ಎಂಬ ಹೆಸರಿನಲ್ಲಿ ನಮಗೆ ಹೇಳಿಕೊಟ್ಟದ್ದು ಗ್ರೀಕರ 'ಇರಬೇಕಾದ ಹಾಗೆ'ಯನ್ನು. ಅಳತೆ ಪರದೇಶದ್ದೆಂಬ ಕಾರಣಕ್ಕೆ ನನ್ನ ತಕರಾರಿಲ್ಲ. ಒಂದು ಊರಿನ ಆದರ್ಶವನ್ನು ನಿಸರ್ಗವೆಂದು ಕರೆದದ್ದಕ್ಕೆ ತಕರಾರು.

ಮೈಸೂರಿನಲ್ಲಿ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡಕ್ಕೆ 1906ರಲ್ಲಿ ವೇಲ್ಸ್ ರಾಜಕುಮಾರ, ಎಂದರೆ ಮುಂದಿನ ಐದನೆಯ ಜಾರ್ಜ್, ಶಂಕುಸ್ಥಾಪನೆ ಮಾಡಿದ. ನಮ್ಮ ಭಾಗದ ಎಷ್ಟೋ ಡ್ರಾಯಿಂಗ್ ಮೇಷ್ಟರುಗಳು ಅಲ್ಲಿ ಕಲಿತು ಬಂದವರು. ಫ್ರೀಹ್ಯಾಂಡ್, ಆಬ್ಜೆಕ್ಟ್, ಮೆಮೊರಿ ಎಂಬ ಹೆಸರುಗಳು, ಲೋಯರ್ ಹೈಯರ್ ಎಂಬ ಪರೀಕ್ಷೆಗಳು ಸೌತ್ ಕೆನ್ಸಿಂಗ್ಟನ್ನಿನ ಮೊಮ್ಮಕ್ಕಳು. ಎಪ್ಪತ್ತರ ದಶಕದಲ್ಲಿ ನಮಗೆ ಪಾಠ ಹೇಳಿದ ಡ್ರಾಯಿಂಗ್ ಮೇಷ್ಟರು ಒಂದು ಕಣ್ಣು ಮುಚ್ಚಿ, ತೋಳು ಚಾಚಿ, ಪೆನ್ಸಿಲಿನ ಮೇಲೆ ಹೆಬ್ಬೆರಳು ಜಾರಿಸುತ್ತ ಅಳತೆ ತೆಗೆಯುವುದನ್ನು ತೋರಿಸಿದ್ದರು. ಕಪ್ಪುಹಲಗೆಯ ಮೇಲೆ ನೆಟ್ಟಗೊಂದು ಗೆರೆ, ಅದರ ಮೇಲೆ ಸಮನಾಗಿ ಗೀಟುಗಳು. ಎರಡನೆಯ ಗೀಟಿಗೆ ಎದೆ, ಮೂರನೆಯದಕ್ಕೆ ಹೊಕ್ಕುಳು, ನಾಲ್ಕನೆಯದಕ್ಕೆ ದೇಹದ ಅರ್ಧ. ಗೀಟುಗಳ ಸುತ್ತ ಕೆಲವೇ ಗೆರೆಗಳಲ್ಲಿ ಮನುಷ್ಯ ಎದ್ದು ನಿಲ್ಲುತ್ತಿದ್ದ. ಅದು ಇಂದಿಗೂ ನನಗೆ ಇಂದ್ರಜಾಲವೇ. ಆ ಮನುಷ್ಯ ನಮ್ಮೂರಿನ ಯಾರ ಹಾಗೂ ಇರುತ್ತಿರಲಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಹಾಗಾದರೆ ನಮ್ಮಲ್ಲಿ ಅಳತೆಯೇ ಇರಲಿಲ್ಲವೇ? ಹುಣಸೂರು ತಾಲ್ಲೂಕಿನ ಬಿಳಿಕೆರೆ ಹೋಬಳಿಯಲ್ಲಿರುವ ಗೊಮ್ಮಟಗಿರಿಗೆ ನಿಮ್ಮಲ್ಲಿ ಹೆಚ್ಚಿನವರು ಶಾಲೆಯ ಪ್ರವಾಸದಲ್ಲಿ ಬಂದಿದ್ದೀರಿ. ಬಂಡೆಯ ಮೇಲೆ ಹದಿನೈದು ಅಡಿಗೂ ಮಿಕ್ಕ ಬಾಹುಬಲಿ. ಗ್ರೀಕರ ಈಟಿಯ ಯುವಕನೂ ದಿಗಂಬರ, ಇವನೂ ದಿಗಂಬರ; ಇಬ್ಬರೂ ತಾರುಣ್ಯದ ಆದರ್ಶಗಳೇ. ಗ್ರೀಕ್ ಯುವಕ ಭಾರವನ್ನೆಲ್ಲ ಒಂದೇ ಕಾಲಿಗೆ ಕೊಟ್ಟು ಸೊಂಟವನ್ನು ಓರೆ ಮಾಡಿ ಈಗಷ್ಟೇ ಹೆಜ್ಜೆಯಿಟ್ಟವನಂತೆ ನಿಂತಿದ್ದಾನೆ. ಹೊಟ್ಟೆಯ ಮೇಲಿನ ಸ್ನಾಯುಗಳನ್ನು ಎಣಿಸಬಹುದು. ನಮ್ಮ ಗೊಮ್ಮಟ ಎರಡೂ ಪಾದಗಳ ಮೇಲೆ ಸಮನಾಗಿ ನಿಂತಿದ್ದಾನೆ. ನರವಿಲ್ಲ, ಸ್ನಾಯುವಿಲ್ಲ, ಒಳಗೆ ಉಸಿರು ತುಂಬಿ ನಿಲ್ಲಿಸಿದಂತೆ ಮೈ ನುಣುಪು. ಶಿಲ್ಪಿಗೆ ಸ್ನಾಯು ಗೊತ್ತಿರಲಿಲ್ಲವೆಂದಲ್ಲ. ದೇಹವನ್ನು ತೊರೆಯಲು ನಿಂತವನ ದೇಹಕ್ಕೆ ಅದು ಬೇಕಿರಲಿಲ್ಲ. ನಿಲುವಿನ ಭೇದವೂ ನಮ್ಮವರಿಗೆ ತಿಳಿದಿತ್ತು. ಸಮಭಂಗ, ಆಭಂಗ, ತ್ರಿಭಂಗ ಎಂದು ಹೆಸರಿಟ್ಟುಕೊಂಡಿದ್ದರು. ಗ್ರೀಕ್ ಯುವಕನ ನಿಲುವು ನಮ್ಮ ಆಭಂಗಕ್ಕೆ ಹತ್ತಿರದ್ದು.

ಅಳತೆಯ ವಿಷಯದಲ್ಲಂತೂ ಬೆರಗಾಗುವ ಮಾತಿದೆ. ನಮ್ಮ ಶಿಲ್ಪಶಾಸ್ತ್ರದ ಮಾನ 'ತಾಲ'. ಒಂದು ತಾಲವೆಂದರೆ ಹನ್ನೆರಡು ಅಂಗುಲ. ಅದು ಮುಖದ ಉದ್ದ, ಅಂಗೈ ಸಹಿತ ಬೆರಳ ತುದಿಯವರೆಗಿನ ಕೈಯ ಉದ್ದ. ಉತ್ತಮ ದೇವತೆಗಳಿಗೆ ದಶತಾಲ, ಎಂದರೆ ಮುಖದ ಹತ್ತರಷ್ಟು ಎತ್ತರ. ವಿಟ್ರೂವಿಯಸ್ ಹೇಳಿದ ಹತ್ತನೆಯ ಭಾಗವೂ ಮುಖ ಮತ್ತು ಕೈಗಳದ್ದೇ ಅಲ್ಲವೇ! ಈಗಲೇ ನಿಮ್ಮ ಮಣಿಕಟ್ಟನ್ನು ಗದ್ದಕ್ಕೆ ಒತ್ತಿ ಅಂಗೈಯನ್ನು ಮುಖದ ಮೇಲಿಟ್ಟು ನೋಡಿ. ನಡುಬೆರಳು ಕೂದಲಂಚನ್ನು ಮುಟ್ಟುತ್ತದೆ. ರೋಮಿನವನೂ ನಮ್ಮ ಸ್ಥಪತಿಯೂ ಒಂದೇ ಅಳತೆಗೋಲನ್ನು ಹಿಡಿದಿದ್ದರು. ಆದರೆ ನಮ್ಮವರ ಅಳತೆ ಒಂದೇ ಅಲ್ಲ. ಶುಕ್ರನೀತಿಸಾರದ ಪ್ರಕಾರ ರಾಮನಂಥವರಿಗೆ ಹತ್ತು ತಾಲ, ಭೈರವನಂತಹ ಉಗ್ರಮೂರ್ತಿಗಳಿಗೆ ಹನ್ನೆರಡು, ರಾವಣ ಹಿರಣ್ಯಕಶಿಪುಗಳಂತಹ ಅಸುರರಿಗೆ ಹದಿನಾರು, ಬಾಲರೂಪಕ್ಕೆ ಐದು. ಇದೂ ಆದರ್ಶವೇ, ಇದರಲ್ಲಿಯೂ ನನ್ನ ವಿದ್ಯಾರ್ಥಿನಿಯ ತಾಯಿಗೆ ಜಾಗವಿಲ್ಲ. ಆದರೆ ಇದನ್ನು ಯಾರೂ ನಿಸರ್ಗವೆಂದು ಕರೆಯಲಿಲ್ಲ.

ಈಗ ಜಗನ್ಮೋಹನ ಅರಮನೆಗೆ ಬನ್ನಿ. 1861ರಲ್ಲಿ ಕಟ್ಟಿದ ಆ ಅರಮನೆ 1915ರಲ್ಲಿ ಚಿತ್ರಶಾಲೆಯಾಯಿತು. ರಾಜಾ ರವಿವರ್ಮ ಯಾವ ಕಲಾಶಾಲೆಯಲ್ಲಿಯೂ ಕಲಿತವನಲ್ಲ. 1868ರಲ್ಲಿ ತಿರುವಾಂಕೂರಿಗೆ ಬಂದ ಥಿಯೊಡೋರ್ ಜೆನ್ಸನ್ ಎಂಬ ಚಿತ್ರಕಾರ ತೈಲವರ್ಣ ಬಳಸುವುದನ್ನು ನೋಡಿ ನೋಡಿ ಕಲಿತವನು. ಆದರೂ ಯುರೋಪಿನ ಅಕಾಡೆಮಿಗಳ ದೇಹವನ್ನು ಅವನಷ್ಟು ಪೂರ್ತಿಯಾಗಿ ನಮ್ಮ ಪುರಾಣದೊಳಗೆ ತಂದವರು ಇಲ್ಲ. ಅವನ ಕೊನೆಯ ವರ್ಷವಾದ 1906ರಲ್ಲಿ ಮೈಸೂರು ಅರಮನೆಗಾಗಿ ಮುಗಿಸಿದ ಒಂಬತ್ತು ಚಿತ್ರಗಳ ಸರಣಿಯಲ್ಲಿ ಜಟಾಯುವಧೆಯೂ ಒಂದು. ಒಂದು ತೋಳಿನಲ್ಲಿ ಸೀತೆ, ಇನ್ನೊಂದು ಕೈಯಲ್ಲಿ ಮೇಲೆತ್ತಿದ ಖಡ್ಗ, ಕೆಳಗೆ ರೆಕ್ಕೆ ಕತ್ತರಿಸಿದ ಜಟಾಯು. ಸೀತೆ ನೋಡಲಾರದೆ ಮುಖ ಮುಚ್ಚಿಕೊಂಡಿದ್ದಾಳೆ. ಅದ್ಭುತವಾದ ಚಿತ್ರ. ಆದರೆ ರಾವಣನ ತಲೆಗಳನ್ನು ಎಣಿಸಿ. ಒಂದೇ! ಬಯಲಾಟದಲ್ಲಿಯೂ ನಮ್ಮ ಜನ ಹತ್ತು ತಲೆಯನ್ನು ಬಿಟ್ಟುಕೊಟ್ಟವರಲ್ಲ. ಅಂಗರಚನಾಶಾಸ್ತ್ರದ ಪ್ರಕಾರ ಎರಡು ಭುಜಗಳ ನಡುವೆ ಒಂದೇ ಕುತ್ತಿಗೆಗೆ ಸ್ಥಳವಿದೆ. ಹತ್ತನ್ನು ಅಲ್ಲಿ ಕೂರಿಸುವುದು ಹೇಗೆ? ಚುಂಚನಕಟ್ಟೆಯಲ್ಲಿ ಸೀತೆಯನ್ನು ಬಲಕ್ಕಿಟ್ಟುಕೊಂಡು ನಿಂತ ಕೋದಂಡರಾಮನಿಗೆ ಕೈಮುಗಿದು ಬೆಳೆದ ಕೃಷ್ಣರಾಜನಗರದ ಮಕ್ಕಳು ಇಲ್ಲಿಗೆ ಬಂದಾಗ ಮೊದಲು ಕೇಳುವ ಪ್ರಶ್ನೆ ಅದೇ: "ಮಿಕ್ಕ ಒಂಬತ್ತು ಎಲ್ಲಿ ಸಾರ್?"

ಅದೇ ಮೈಸೂರಿನ ಚಿತ್ರಗಾರ ಮನೆತನದಲ್ಲಿ 1886ರಲ್ಲಿ ಹುಟ್ಟಿದ ಕೆ. ವೆಂಕಟಪ್ಪನವರು ಇದಕ್ಕೆ ಬೇರೆಯೇ ಉತ್ತರ ಹುಡುಕಿದವರು. ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು 1909ರಲ್ಲಿ ಕಲ್ಕತ್ತಕ್ಕೆ ಕಳುಹಿಸಿದರು. ಅಲ್ಲಿಯ ಕಲಾಶಾಲೆಗೆ 1896ರಲ್ಲಿ ಬಂದಿದ್ದ ಇ.ಬಿ. ಹ್ಯಾವೆಲ್ ಎಂಬ ಆಂಗ್ಲ ಅಧ್ಯಾಪಕ ಗ್ರೀಕ್ ಅಚ್ಚುಗಳನ್ನು ತರಗತಿಯಿಂದ ಹೊರಗೆ ಹಾಕಿಸಿದ್ದ. ತಮಾಷೆಯೆಂದರೆ ಪ್ರತಿಭಟಿಸಿದವರು ಬಂಗಾಳಿ ವಿದ್ಯಾರ್ಥಿಗಳೇ. ನಮಗೆ ಒಳ್ಳೆಯ ವಿದ್ಯೆ ಸಿಗದಂತೆ ಮಾಡುತ್ತಿದ್ದಾನೆ ಎಂದು ಅವರ ಅನುಮಾನ. ತಂದವನೂ ಆಂಗ್ಲ, ತೆಗೆದವನೂ ಆಂಗ್ಲ, ನಮ್ಮನ್ನು ಕೇಳಿದವರು ಮಾತ್ರ ಇಲ್ಲ. ವೆಂಕಟಪ್ಪನವರ ಗುರು ಅವನೀಂದ್ರನಾಥ ಠಾಕೂರರು. ಭಾರತೀಯ ಕಲೆಯ ಅಂಗರಚನೆಯನ್ನು ಕುರಿತು ಅವರ ಚಿಕ್ಕ ಪುಸ್ತಕವೊಂದು 1914ರಲ್ಲಿ ಇಂಗ್ಲಿಷಿನಲ್ಲಿ ಬಂತು. ಮೇಲೆ ಹೇಳಿದ ತಾಲಗಳ ಲೆಕ್ಕ, ಮೀನಿನಂತಹ ಕಣ್ಣು, ಆನೆಯ ಸೊಂಡಿಲಿನಂತಹ ತೋಳು ಎಲ್ಲವೂ ಅದರಲ್ಲಿವೆ. ಅದರ ರೇಖಾಚಿತ್ರಗಳನ್ನು ಬರೆದವರು ನಂದಲಾಲ ಬೋಸರು ಮತ್ತು ನಮ್ಮ ವೆಂಕಟಪ್ಪನವರು. ಗ್ರೀಕ್ ಅಂಗರಚನೆಗೆ ಎದುರಾಗಿ ಭಾರತವು ತನ್ನದನ್ನು ಮುಂದಿಟ್ಟಾಗ ಅದರ ಗೆರೆಗಳಲ್ಲಿ ಅರ್ಧ ಮೈಸೂರಿನ ಕೈಯವು! ಶಾಸ್ತ್ರವೂ ಸಂಕೋಲೆಯಾಗಬಾರದು, ಕಲೆ ಮೊದಲು ಲಕ್ಷಣ ಆಮೇಲೆ ಎಂದು ಅವನೀಂದ್ರರು ಎಚ್ಚರಿಸಿದ್ದು ನನಗೆ ಹೆಚ್ಚು ಇಷ್ಟವಾದ ಮಾತು.

ಇಷ್ಟೆಲ್ಲ ಬರೆದೆನೆಂದು ಅಕಾಡೆಮಿಯ ಶಿಕ್ಷಣದಿಂದ ಕೇಡೇ ಆಯಿತೆಂದು ತಿಳಿಯಬೇಡಿ. ಅದೇ ಜಗನ್ಮೋಹನದಲ್ಲಿ ಕತ್ತಲೆ ಕೋಣೆಯ ದೀಪದ ಮಹಿಳೆಯ ಚಿತ್ರವಿದೆ. ಇಂದಿಗೂ ನೂರಕ್ಕೆ ಎಂಬತ್ತು ಮಂದಿ ಅದನ್ನು ರವಿವರ್ಮನದೆನ್ನುತ್ತಾರೆ, ತೈಲಚಿತ್ರವೆನ್ನುತ್ತಾರೆ. ಎರಡೂ ಅಲ್ಲ. ಮುಂಬಯಿಯ ಜೆ.ಜೆ. ಶಾಲೆಯಲ್ಲಿ ಕಲಿತ ಎಸ್.ಎಲ್. ಹಲ್ದಂಕರ್ ತಮ್ಮ ಮಗಳನ್ನೇ ನಿಲ್ಲಿಸಿಕೊಂಡು 1940ರ ದಶಕದ ಮಧ್ಯದಲ್ಲಿ ಬರೆದ ಜಲವರ್ಣ ಚಿತ್ರ ಅದು. ಜಲವರ್ಣದಲ್ಲಿ ಬಿಳಿ ಬಣ್ಣವೆಂದರೆ ಕಾಗದವೇ. ಒಮ್ಮೆ ತಪ್ಪಿದರೆ ತಿದ್ದಲಾಗದು. ಬೆರಳ ಸಂದಿನಲ್ಲಿ ಕೆಂಪಾಗಿ ಸೋರುವ ಆ ಬೆಳಕು, ವರ್ಷಗಟ್ಟಲೆ ಅಚ್ಚುಗಳ ಮುಂದೆ ಕುಳಿತು ನೆರಳನ್ನು ಅಭ್ಯಾಸ ಮಾಡಿದ ಕಣ್ಣಿಗಲ್ಲದೆ ಸಿಗುವಂಥದ್ದಲ್ಲ. ಆದರೆ ಅಲ್ಲಿ ನಿಂತಿರುವವಳು ವೀನಸ್ ಅಲ್ಲ. ಸೀರೆಯುಟ್ಟ ಮರಾಠಿ ಮನೆಯ ಹುಡುಗಿ, ಗಾಳಿಗೆ ದೀಪ ಆರೀತೆಂದು ಕೈ ಅಡ್ಡ ಹಿಡಿದವಳು.

ಇದನ್ನು ಬರೆಯುವಾಗ ನನ್ನ ಹಳೆಯ ಕಡತದಿಂದ ಒಂದು ಚಿತ್ರ ಹೊರಬಂತು. ತೊಂಬತ್ತರ ದಶಕದಲ್ಲಿ ಪಿರಿಯಾಪಟ್ಟಣದ ಕಡೆಯ ಹುಡುಗನೊಬ್ಬ ಶಾಲೆಗಳ ನಡುವಣ ಸ್ಪರ್ಧೆಯೊಂದಕ್ಕೆ ಬರೆದದ್ದು. ಹೊಗೆಸೊಪ್ಪಿನ ಬ್ಯಾರನ್ನಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಕೋಲಿಗೆ ಹಸಿ ಎಲೆ ಕಟ್ಟುತ್ತಿರುವ ಅವನ ತಾಯಿ. ತೀರ್ಪುಗಾರರು ಹಿಂಬದಿಯಲ್ಲಿ ಕೆಂಪು ಶಾಯಿಯಲ್ಲಿ 'ಪ್ರಮಾಣ ತಪ್ಪಿದೆ' ಎಂದು ಬರೆದು ಹಿಂದಿರುಗಿಸಿದ್ದರು. ಆಗ ನಮ್ಮ ಶಾಲೆಯಲ್ಲಿದ್ದ ಚಿತ್ರಕಲಾ ಶಿಕ್ಷಕರು ಅದನ್ನು ನನಗೆ ತೋರಿಸಿ, "ಕುಕ್ಕರುಗಾಲಲ್ಲಿ ಕೂತವಳಿಗೆ ಎಂಟು ತಲೆ ಎಲ್ಲಿಂದ ತರೋದು ಮೇಷ್ಟ್ರೇ?" ಎಂದು ನಕ್ಕಿದ್ದರು. ಬೆನ್ನು ಬಾಗಿದ ರೀತಿ, ಬಾಯಲ್ಲಿ ಕಚ್ಚಿಕೊಂಡ ದಾರ, ಎಲ್ಲವೂ ಕಂಡು ಬರೆದದ್ದೇ. ಅಂಗೈಗಳು ಮಾತ್ರ ಅವಳ ಮುಖಕ್ಕಿಂತಲೂ ದೊಡ್ಡವಾಗಿವೆ, ಕಡುಕಪ್ಪಾಗಿವೆ. ಕೈಗೆ ಯಾಕೋ ಇಷ್ಟು ಕಪ್ಪು ಬಳಿದೆ ಎಂದು ಕೇಳಿದ್ದೆ. "ಸೊಪ್ಪಿನ ಅಂಟು ಸಾ, ತೊಳುದ್ರೂ ಹೋಗಕಿಲ್ಲ" ಎಂದಿದ್ದ.